ಮೀನಿನ ಟ್ಯಾಂಕಿಗೆ ಕಂಟ್ರೋಲರ್ ಕೂಡಿಸುವವನಿಗೆ ಕಾಕಾನ ಕಿವಿಮಾತು

ತಮ್ಮಾ,

ಲಕ್ಷ್ಮೇಶ್ವರದ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದದ ಮೀನಿನ ಟ್ಯಾಂಕು ಇಟ್ಟಿದ್ದೀ. ಅದರ ಕಾವು, ಲೈಟು, ನೀರಿನ ಮಟ್ಟ ಎಲ್ಲವನ್ನೂ ತಾನೇ ನೋಡಿಕೊಳ್ಳುವ ಕಂಟ್ರೋಲರ್ ಆನ್‌ಲೈನಿನಲ್ಲಿ ತರಿಸಿದ್ದೀ. ಜೊತೆಗೆ ಬಂದ ಪುಸ್ತಕದ ತಲೆಬುಡ ತಿಳಿಯದೆ ನನಗೆ ಫೋನು ಹಚ್ಚಿದ್ದೀ. ಮೀನಿನ ಅಂಗಡಿಯವರನ್ನು ಬಿಟ್ಟು ಮೋಟರ್ ವೈಂಡಿಂಗ್ ಮಾಡುವ ಕಾಕಾನನ್ನು ಕೇಳುತ್ತಾನಲ್ಲ ಎಂದು ನಿಮ್ಮವ್ವ ನಕ್ಕರಂತೆ. ನಗಲಿ ಬಿಡು. ಬೆಟಗೇರಿಯಲ್ಲಿ ಬೋರಿನ ಸ್ಟಾರ್ಟರ್ ಬಿಚ್ಚಿ ಕೂಡಿಸುತ್ತಲೇ ನನ್ನ ಕೂದಲು ಹಣ್ಣಾಗಿವೆ. ಮೀನು ಸಾಕಿದ್ದು ಆಮೇಲೆ. ನೀನು ತರಿಸಿದ ಡಬ್ಬಿಯೊಳಗೆ ಇರುವುದೂ ಅದೇ ಸಾಮಾನು: ಅಳೆಯುವುದಕ್ಕೊಂದು ಸೆನ್ಸರ್, ಒತ್ತುವುದಕ್ಕೆ, ಬಿಡುವುದಕ್ಕೆ ಒಂದು ರಿಲೇ.

ಮುಂಡರಗಿ ಕಡೆಯ ರೈತ ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದರೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಆಟೋ ಸ್ಟಾರ್ಟರ್ ತಾನೇ ಮೋಟರ್ ಎತ್ತುತ್ತದೆ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದ್ದರೆ ಗದಗಿನ ಸಂತೆಯಲ್ಲಿ ನಿಂತೇ ಹೊಲದ ಬೋರು ಬಂದ್ ಮಾಡುತ್ತಾನೆ. ಆದರೆ ಬೋರಿನಲ್ಲಿ ನೀರು ಇಳಿದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ಕಾವಲು ಇಲ್ಲದೆ ಬರೀ ಆಟೋ ಹಾಕಿಕೊಂಡವನು ತಿಂಗಳೊಪ್ಪತ್ತಿನಲ್ಲಿ ವೈಂಡಿಂಗ್ ಸುಟ್ಟುಕೊಂಡು ಅಂಗಡಿಗೆ ಬರುತ್ತಾನೆ. ನಿನ್ನ ಡಬ್ಬಿಯ ಪುಸ್ತಕ ಬರೆದವರು ಕರೆಂಟು ಹೋಗದ, ನಳದ ನೀರು ನಿಲ್ಲದ ಊರಿನವರು. ನಮ್ಮಲ್ಲಿ ಎರಡೂ ಪಾಳಿಯ ಮೇಲೆ ಬರುತ್ತವೆ. ಅದಕ್ಕೇ ನಾನು ಹೇಳುವುದೆಲ್ಲ ಡಬ್ಬಿ ಕೈಕೊಟ್ಟಾಗ ಏನಾಗುತ್ತದೆ ಅನ್ನುವ ಕಡೆಯಿಂದಲೇ ಹೊರಡುತ್ತದೆ.

• ಪಿನ್ನು ಚುಚ್ಚುವ ಮೊದಲು ಒಂದು ಹಾಳೆ, ಪೆನ್ನು ತಗೊ. ಟ್ಯಾಂಕಿಗೆ ಹತ್ತುವ ಒಂದೊಂದು ಸಾಮಾನಿನ ಹೆಸರು ಬರೆದು, ಡಬ್ಬಿ ಸತ್ತರೆ ಇದು ನಡೆಯುತ್ತಿರಬೇಕೋ ನಿಂತಿರಬೇಕೋ ಎಂದು ಮುಂದೆ ಬರೆ. ಫಿಲ್ಟರ್, ಗಾಳಿ ಪಂಪು ನಡೆಯುತ್ತಿರಬೇಕು. ಹೀಟರ್ ನಿಂತಿರಬೇಕು. ನೀರು ತುಂಬುವ ಪಂಪು ನಿಂತಿರಬೇಕು. ಆಹಾರ ಹಾಕುವ ಯಂತ್ರ ನಿಂತಿರಬೇಕು. ಲೈಟು ಹೇಗಿದ್ದರೂ ಮೀನಿಗೆ ಏನೂ ಆಗುವುದಿಲ್ಲ. ಈ ಹಾಳೆಯೇ ನಿನ್ನ ವೈರಿಂಗ್ ನಕ್ಷೆ. ನಡೆಯುತ್ತಲೇ ಇರಬೇಕಾದ ಫಿಲ್ಟರನ್ನೂ ಗಾಳಿ ಪಂಪನ್ನೂ ಕಂಟ್ರೋಲರಿಗೆ ಕೊಡಲೇಬೇಡ, ನೇರ ಗೋಡೆಯ ಬೋರ್ಡಿಗೆ ಹಾಕು. ಇಪ್ಪತ್ನಾಲ್ಕು ತಾಸು ಓಡುವ ಸಾಮಾನಿಗೆ ಮೇಲೊಬ್ಬ ಮೇಸ್ತ್ರಿ ಯಾಕೆ ಬೇಕು? ಅವನು ಮಾಡಬಹುದಾದ ಕೆಲಸ ಒಂದೇ, ನಿಲ್ಲಿಸುವುದು.

• ಕೆಲವು ದೊಡ್ಡ ಡಬ್ಬಿಗಳಲ್ಲಿ ರಿಲೇಗೆ ಎನ್‌ಒ, ಎನ್‌ಸಿ ಎಂದು ಎರಡು ಕಾಲು ಇರುತ್ತವೆ. ರಿಲೇಗೆ ಕರೆಂಟು ಇಲ್ಲದಾಗ ಎನ್‌ಒ ಬಿಚ್ಚಿರುತ್ತದೆ, ಎನ್‌ಸಿ ಕೂಡಿರುತ್ತದೆ. ಹೀಟರ್ ಯಾವತ್ತೂ ಎನ್‌ಒ ಕಡೆಗೇ ಇರಲಿ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಎಸ್‌ಟಿಸಿ-1000 ಎಂಬ ಕರಿ ಡಬ್ಬಿಯಲ್ಲಿ, ಅಂದರೆ ಕೋಳಿಮರಿ ಮಾಡುವ ಇನ್‌ಕ್ಯುಬೇಟರಿಗೆ ಹಾಕುತ್ತಾರಲ್ಲ ಅದರಲ್ಲಿ, ಬಿಸಿಗೆ ಒಂದು ತಂಪಿಗೆ ಒಂದು ರಿಲೇ ಇವೆ, ಎರಡೂ ಎನ್‌ಒ. ಹೊಸಬರಿಗೆ ಅದೇ ಸಾಕು. ವೈಫೈ ಇಲ್ಲ, ಬಣ್ಣದ ಪರದೆ ಇಲ್ಲ, ಕೆಡುವುದಕ್ಕೆ ಹೆಚ್ಚು ಸಾಮಾನೂ ಇಲ್ಲ. ನೀನು ದೊಡ್ಡದನ್ನೇ ತರಿಸಿಬಿಟ್ಟಿದ್ದೀ, ಇರಲಿ. ಆದರೆ ಮೊದಲ ಆರು ತಿಂಗಳು ಅದಕ್ಕೆ ಎರಡೇ ಕೆಲಸ ಕೊಡು: ಕಾವು ಮತ್ತು ಲೈಟು. ಉಳಿದ ತೂತುಗಳು ಖಾಲಿ ಇರಲಿ.

• ಇನ್ನು ಪ್ರೋಬು. ವೈರಿನ ತುದಿಗಿರುವ ಆ ಸಣ್ಣ ಬೆರಳಿನಂಥದ್ದು. ಕಂಟ್ರೋಲರಿನಿಂದ ಆಗುವ ಅನಾಹುತ ಹೆಚ್ಚಾಗಿ ಇದರಿಂದಲೇ. ಇದನ್ನು ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಒಂದು ದಿನ ಗಾಜಿನಿಂದ ಬಿಡುತ್ತದೆ. ಪ್ರೋಬು ನೀರಿನಿಂದ ಎದ್ದು ಹೊರಗೆ ಜೋತು ಬೀಳುತ್ತದೆ. ಡಿಸೆಂಬರಿನ ನಸುಕಿನಲ್ಲಿ ಪಡಸಾಲೆಯ ಗಾಳಿ 18 ಡಿಗ್ರಿ ಇದ್ದರೆ ಡಬ್ಬಿಗೆ ಕಾಣುವುದು ಆ 18 ಮಾತ್ರ. ನೀರು ತಣ್ಣಗಾಯಿತೆಂದು ಅದು ಹೀಟರ್ ಹಚ್ಚುತ್ತದೆ, ಗಾಳಿಗೆ ಕಾವು ಏರುವುದಿಲ್ಲವಾದ್ದರಿಂದ ಹಚ್ಚಿಕೊಂಡೇ ಇರುತ್ತದೆ. ಮುಂಜಾನೆ ನೀನು ಎದ್ದು ನೋಡುವಾಗ ಡಬ್ಬಿಯ ಮೇಲೆ ಯಾವ ತಪ್ಪೂ ಕಾಣುವುದಿಲ್ಲ, ಮೀನು ಮಾತ್ರ ಬೆಂದಿರುತ್ತವೆ.

• ಆದ್ದರಿಂದ ಪ್ರೋಬಿನ ವೈರನ್ನು ಬರೀ ರಬ್ಬರ್ ಬಟ್ಟಲಿಗೆ ನಂಬಿ ಬಿಡಬೇಡ. ಟ್ಯಾಂಕಿನ ಅಂಚಿಗೆ ಕ್ಲಿಪ್ಪಿನಿಂದ ಬಿಗಿ. ತುದಿ ನೀರಿನ ಅರ್ಧ ಆಳಕ್ಕಿಂತ ಕೆಳಗೇ ಇರಲಿ, ನೀರು ಬದಲಿಸಲು ಕಾಲು ಭಾಗ ತೆಗೆದರೂ ಮುಳುಗಿರಬೇಕು. ಹೀಟರಿನ ಮಗ್ಗುಲಿಗೆ ಹಾಕಬೇಡ, ಫಿಲ್ಟರಿನ ನೀರು ಹರಿದುಹೋಗುವ ದಾರಿಯಲ್ಲಿ ಹಾಕು. ಹೀಟರ್ ಒಂದು ಮೂಲೆಗೆ, ಪ್ರೋಬು ಎದುರು ಮೂಲೆಗೆ. ಉಸುಕಿನೊಳಗೆ ಹುಗಿಯುವವರೂ ಇದ್ದಾರೆ, ಚಂದ ಕಾಣಲಿ ಅಂತ. ಉಸುಕಿನ ಕಾವೇ ಬೇರೆ, ನೀರಿನ ಕಾವೇ ಬೇರೆ.

• ಗಾಜಿನ ಒಂದು ಸಾದಾ ಥರ್ಮಾಮೀಟರ್ ಟ್ಯಾಂಕಿನಲ್ಲಿ ತೂಗುತ್ತಲೇ ಇರಲಿ. ಡಬ್ಬಿಯ ಅಂಕಿಗೂ ಅದಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದರ್ಥ. ಎಸ್‌ಟಿಸಿ-1000ರಲ್ಲಿ ಎಫ್4 ಅನ್ನುವ ಸೆಟ್ಟಿಂಗ್ ಇರುವುದೇ ಈ ಅಂತರ ತಿದ್ದುವುದಕ್ಕೆ.

• ಆ ಕರಿ ಡಬ್ಬಿಯ ಉಳಿದ ಸೆಟ್ಟಿಂಗ್ ಕೇಳು, ನಿನ್ನ ಡಬ್ಬಿಯಲ್ಲಿ ಇವಕ್ಕೆ ಬೇರೆ ಹೆಸರಿದ್ದೀತು. ಎಫ್1 ನಿನಗೆ ಬೇಕಾದ ಕಾವು. ಎಫ್2 ಡಿಫರೆನ್ಸ್, ಅಂದರೆ ಎಷ್ಟು ಸರಿದ ಮೇಲೆ ರಿಲೇ ಒತ್ತಬೇಕು ಅನ್ನುವುದು. ಎಫ್1ಕ್ಕೆ 26, ಎಫ್2ಕ್ಕೆ 1 ಕೊಟ್ಟರೆ ನೀರು 25ಕ್ಕೆ ಇಳಿದಾಗ ಹೀಟರ್ ಹತ್ತಿ 26ಕ್ಕೆ ಆರುತ್ತದೆ, 27ಕ್ಕೆ ಏರಿದಾಗ ಫ್ಯಾನು ತಿರುಗಿ 26ಕ್ಕೆ ನಿಲ್ಲುತ್ತದೆ. ನಿಖರವಾಗಿರಲಿ ಎಂದು ಡಿಫರೆನ್ಸನ್ನು 0.3ಕ್ಕೆ ಇಳಿಸುವ ಚಪಲ ಬರುತ್ತದೆ, ಇಳಿಸಬೇಡ. ರಿಲೇ ದಿನವಿಡೀ ಟಿಕ್ ಟಿಕ್ ಎಂದು ಒತ್ತಿ ಬಿಟ್ಟು ಮಾಡುತ್ತ ಅದರ ಪಾಯಿಂಟು ಸುಟ್ಟು ಒಂದು ದಿನ ಅಂಟಿಕೊಂಡುಬಿಡುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟ್ ಪಾಯಿಂಟು ಕರಿ ಹಿಡಿದು ಅಂಟಿದ್ದನ್ನು ನಮ್ಮ ಅಂಗಡಿಯಲ್ಲಿ ನೀನೇ ಸಣ್ಣವನಿದ್ದಾಗ ಪಾಲಿಶ್ ಪೇಪರ್ ಹಾಕಿ ತಿಕ್ಕಿದ್ದೀ, ನೆನಪಿದೆಯೋ ಇಲ್ಲವೋ. ಮೀನಿಗೆ ಒಂದು ಡಿಗ್ರಿ ಆಚೀಚೆ ಏನೂ ಲೆಕ್ಕಕ್ಕಿಲ್ಲ. ಎಫ್3 ಫ್ರಿಜ್ಜಿನ ಕಂಪ್ರೆಸರ್ ಇದ್ದವರಿಗೆ, ನಿನಗೆ ಒಂದು ನಿಮಿಷ ಇಟ್ಟರೆ ಆಯಿತು.

• ಅಂಟಿಕೊಂಡ ರಿಲೇ ಹೀಟರನ್ನು ಆರಿಸುವುದಿಲ್ಲ, ಇದನ್ನು ಮರೆಯಬೇಡ. ಅದಕ್ಕೆ ಮದ್ದು ಎರಡು. ಹೀಟರಿನ ತಲೆಗೆ ಅದರದೇ ಥರ್ಮೋಸ್ಟಾಟಿನ ತಿರುಪು ಇರುತ್ತದೆ, ಅದನ್ನು ಕಂಟ್ರೋಲರಿಗಿಂತ ಎರಡು ಡಿಗ್ರಿ ಮೇಲಕ್ಕೆ, 28ಕ್ಕೆ ಇಟ್ಟುಬಿಡು. ಡಬ್ಬಿ ಕೈಕೊಟ್ಟರೂ ಹೀಟರ್ ತಾನೇ 28ಕ್ಕೆ ಆರುತ್ತದೆ. ಇನ್ನೊಂದು, ದೊಡ್ಡ ಹೀಟರ್ ತರಬೇಡ. ಲೀಟರಿಗೆ ಒಂದು ವ್ಯಾಟ್ ಅನ್ನುವುದು ಹಳೆಯ ಲೆಕ್ಕ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಅಂದರೆ 56 ಲೀಟರ್, ಉಸುಕು ಕಲ್ಲು ಕಳೆದರೆ 50. ಅದಕ್ಕೆ 50 ವ್ಯಾಟ್ ಸಾಕು. ಹುಬ್ಬಳ್ಳಿಯ ಅಂಗಡಿಯಲ್ಲಿ 200 ವ್ಯಾಟಿನದು ಬರೀ ನೂರು ರೂಪಾಯಿ ಹೆಚ್ಚು ಎಂದು ಆಸೆ ತೋರಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಸಣ್ಣ ಹೀಟರ್ ಅಂಟಿಕೊಂಡರೆ ನೀರು ಕಾಯುವುದಕ್ಕೆ ತಾಸುಗಟ್ಟಲೆ ಬೇಕು, ಅಷ್ಟರಲ್ಲಿ ಯಾರಾದರೂ ನೋಡುತ್ತಾರೆ.

• ಅಸಲಿಗೆ ನಮ್ಮ ಸೀಮೆಯಲ್ಲಿ ಹೀಟರ್ ಬೇಕಾಗುವುದೇ ಚಳಿಗಾಲದ ರಾತ್ರಿಗಳಿಗೆ. ಗೋಲ್ಡ್ ಫಿಶ್ ಸಾಕಿದ್ದರೆ ಅದೂ ಬೇಡ, ಅವು ತಂಪು ನೀರಿನ ಜೀವಿಗಳು. ಶಿವರಾತ್ರಿ ದಾಟಿದ ಮೇಲೆ ಹೀಟರ್ ಕಿತ್ತು ತೊಳೆದು ಎತ್ತಿಡು. ಬೇಸಿಗೆಯಲ್ಲಿ ಅದು ಟ್ಯಾಂಕಿನಲ್ಲಿ ಇದ್ದು ಮಾಡುವುದು ಅಪಾಯವೊಂದನ್ನೇ. ನೀರು ಬದಲಿಸುವ ದಿನ ಕಾಲು ತಾಸು ಮೊದಲೇ ಹೀಟರಿನ ಪಿನ್ನು ಕಿತ್ತುಬಿಡು, ಬಿಸಿ ಇದ್ದಾಗ ಗಾಳಿಗೆ ಬಂದರೆ ಗಾಜು ಸೀಳುತ್ತದೆ.

• ನಮ್ಮ ನಿಜವಾದ ಶತ್ರು ಬೇಸಿಗೆ. ಪುಸ್ತಕದಲ್ಲಿ ಹೀಟರಿಗೆ ಹತ್ತು ಪುಟ, ಸೆಕೆಗೆ ಎರಡು ಸಾಲು ಇದ್ದೀತು. ಲಕ್ಷ್ಮೇಶ್ವರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 38, 39. ಪತ್ರಾಸಿನ ಮನೆಯೊಳಗೆ ಇನ್ನೂ ಕೆಟ್ಟದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ನಿಲ್ಲುವುದು ಕಡಿಮೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆಯಷ್ಟೇ ಹಿಡಿಯುತ್ತದೆ. ಅತ್ತ ಕಾವು ಏರಿದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಡಬ್ಬಿಯ ಅಂಕಿ ನೋಡುತ್ತ ಕೂರಬೇಡ. ಮೊದಲು ಗಾಳಿ ಪಂಪು ನಡೆದಿದೆಯೋ ಇಲ್ಲವೋ ನೋಡು.

• ಚಿಲ್ಲರ್ ತರುವ ವಿಚಾರ ಬಿಡು, ಅದರ ದುಡ್ಡಿಗೆ ಒಂದು ಎಮ್ಮೆಕರು ಬಂದೀತು. ಕಂಪ್ಯೂಟರಿನ ಎರಡು ಸಣ್ಣ ಫ್ಯಾನು, 12 ವೋಲ್ಟಿನವು, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಕೂಡಿಸಿ ತಂಪಿನ ರಿಲೇಗೆ ಕೊಡು. ನಮ್ಮ ಬಯಲುಸೀಮೆಯ ಒಣ ಗಾಳಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖ 50 ಲೀಟರ್ ನೀರನ್ನು ಹತ್ತು ಡಿಗ್ರಿಗೂ ಹೆಚ್ಚು ಇಳಿಸುವಷ್ಟು. ಮನೆಯ ಗಾಳಿ ಮತ್ತೆ ಬಿಸಿ ಕೊಡುತ್ತಲೇ ಇರುವುದರಿಂದ ಕೈಗೆ ಸಿಗುವುದು ಎರಡರಿಂದ ನಾಲ್ಕು ಡಿಗ್ರಿ. ಅಷ್ಟು ಸಾಕು. ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆಯ ಬಲೆ ಹಾಕು, ಮುಚ್ಚಳ ಇದ್ದರೆ ಆವಿ ಹೊರಗೆ ಹೋಗುವುದಿಲ್ಲ, ಬಲೆ ಇಲ್ಲದಿದ್ದರೆ ಮೀನು ಹೊರಗೆ ಹಾರುತ್ತದೆ. ಇದೇ ಫ್ಯಾನು ಮಳೆಗಾಲದ ಒದ್ದೆ ಗಾಳಿಯಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ, ಆದರೆ ಆಗ ಅಷ್ಟು ಬೇಕಾಗುವುದೂ ಇಲ್ಲ. ಟ್ಯಾಂಕು ಇಡುವ ಜಾಗದ ಮಾತು ಬಂದರೆ, ನಿಮ್ಮ ಹಳೆಯ ಮೇಲ್ಮುದ್ದೆ ಮನೆಯ ಒಳಪಡಸಾಲೆಯಷ್ಟು ತಂಪಿನ ಜಾಗ ಯಾವ ಕಂಟ್ರೋಲರೂ ಕೊಡಲಾರದು. ಪಡುವಣ ಕಿಟಕಿಯ ಹತ್ತಿರ ಮಾತ್ರ ಬೇಡ.

• ಫ್ಯಾನು ಹಾಕಿದ ಮೇಲೆ ದಿನಕ್ಕೆ ತಂಬಿಗೆಗಟ್ಟಲೆ ನೀರು ಇಂಗಿ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿನ ಉಪ್ಪು ಸುಣ್ಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರಿನ ನೀರನ್ನೇ ಸುರಿಯುತ್ತ ಹೋದರೆ ಮೇ ತಿಂಗಳ ಹೊತ್ತಿಗೆ ಗಾಜಿನ ಅಂಚಿಗೆ ಬಿಳಿ ಗೆರೆ ಹಿಡಿದು ಟ್ಯಾಂಕಿನ ನೀರು ಬೋರಿಗಿಂತ ಗಡಸಾಗಿರುತ್ತದೆ. ಇಂಗಿದ್ದನ್ನು ತುಂಬಲು ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸು. ವಾರಕ್ಕೊಮ್ಮೆ ಬದಲಿಸುವ ಐದರಲ್ಲಿ ಒಂದು ಪಾಲು ನೀರಿಗೆ ಬೋರಿನದೋ ನಳದ್ದೋ ಆಗಲಿ. ಇಡೀ ಟ್ಯಾಂಕನ್ನು ಘಟಕದ ನೀರಿನಿಂದಲೇ ತುಂಬಬೇಡ, ಅದರಲ್ಲಿ ಕಸುವೇ ಇರುವುದಿಲ್ಲ, ಪಿಎಚ್ ನಿಲ್ಲುವುದಿಲ್ಲ.

• ಇಂಗಿದ ನೀರನ್ನು ತಾನೇ ತುಂಬುವ ಫ್ಲೋಟ್ ಸ್ವಿಚ್ಚು ನಿನ್ನ ಡಬ್ಬಿಯ ಜೊತೆ ಬಂದಿದೆಯಲ್ಲ, ಅದನ್ನು ಆರು ತಿಂಗಳಾದ ಮೇಲೆ ಹಾಕುವಾಗ ಒಂದು ನಿಯಮ: ಪಂಪನ್ನು ಮನೆಯ ಸಿಂಟೆಕ್ಸಿಗೆ ಕೂಡಿಸಬೇಡ, ಒಂದು ಬಕೆಟ್ಟಿನಲ್ಲಿ ಇಡು. ಫ್ಲೋಟಿಗೆ ಶಂಖದ ಹುಳವೊಂದು ಅಂಟಿ ಮೇಲೆ ಏಳದೇ ಹೋದರೆ ಪಂಪು ನಿಲ್ಲುವುದಿಲ್ಲ. ಬಕೆಟ್ಟಿನಲ್ಲಿ ಐದು ಲೀಟರ್ ಇದ್ದರೆ ನೆಲಕ್ಕೆ ಬೀಳುವುದೂ ಹೆಚ್ಚೆಂದರೆ ಐದು ಲೀಟರ್. ಸಿಂಟೆಕ್ಸಿಗೆ ಕೊಟ್ಟರೆ ಪಡಸಾಲೆಯೇ ಕೆರೆ. ಬಕೆಟ್ಟು ಟ್ಯಾಂಕಿಗಿಂತ ಕೆಳಗೆ ಇರಲಿ, ಪೈಪಿನ ತುದಿ ನೀರಿಗೆ ಮುಟ್ಟದೆ ಮೇಲೇ ನಿಂತಿರಲಿ. ತುದಿ ಮುಳುಗಿದ್ದರೆ ಪಂಪು ನಿಂತ ಕೂಡಲೇ ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ವಾಪಸು ಬಕೆಟ್ಟಿಗೆ ಎಳೆದುಕೊಳ್ಳುತ್ತದೆ.

• ನಳ ಬಂದ ದಿನದ ನೀರನ್ನು ಹಾಗೇ ಸುರಿಯಬೇಡ. ಅದರಲ್ಲಿ ಕ್ಲೋರಿನ್ ಇರುತ್ತದೆ, ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡು, ಗಾಳಿಕಲ್ಲು ಹಾಕಿದರೆ ಇನ್ನೂ ಬೇಗ. ಅವಸರವಿದ್ದರೆ ಮೀನಿನ ಅಂಗಡಿಯ ಆಂಟಿ ಕ್ಲೋರಿನ್ ಹನಿ. ಅದರಲ್ಲಿರುವುದು ಹೆಚ್ಚಾಗಿ ಹೈಪೋ, ಫೋಟೋ ಸ್ಟುಡಿಯೋದವರು ರೀಲು ತೊಳೆಯುವ ಕಾಲದಲ್ಲಿ ಬಳಸುತ್ತಿದ್ದ ಅದೇ ಹರಳು. ನಿನ್ನ ಕಂಟ್ರೋಲರಿಗೆ ಕ್ಲೋರಿನ್ ಕಾಣುವುದಿಲ್ಲ.

• ಅದಕ್ಕೆ ಅಮೋನಿಯಾವೂ ಕಾಣುವುದಿಲ್ಲ, ಹೊಸ ಟ್ಯಾಂಕಿನ ಮೀನು ಸಾಯುವುದು ಬಹುತೇಕ ಅದರಿಂದಲೇ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಪರದೆಯ ಮೇಲೆ ಎಲ್ಲ ಅಂಕಿಯೂ ಹಸಿರು ಇದೆಯೆಂದು ಎರಡನೆಯ ದಿನಕ್ಕೇ ಇಪ್ಪತ್ತು ಮೀನು ಬಿಟ್ಟರೆ ಹಸಿರು ಅಂಕಿಯ ಕೆಳಗೇ ಸಾಯುತ್ತವೆ. ನಾಲ್ಕು ಗಪ್ಪಿ ಬಿಟ್ಟು ಕಾಯಿ. ಅಮೋನಿಯಾ ನೋಡುವ ಹನಿಯ ಕಿಟ್ ಒಂದು ತಗೊ. ನಮ್ಮ ಗಡಸು ನೀರಿಗೆ ಇದು ಇನ್ನಷ್ಟು ಜರೂರಿ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ನೂರಕ್ಕೆ ಅರ್ಧ ಪಾಲು ಮಾತ್ರ ವಿಷದ ರೂಪದಲ್ಲಿದ್ದರೆ ಪಿಎಚ್ 8ಕ್ಕೆ ಏರಿದಾಗ ಅದು ನೂರಕ್ಕೆ ಐದು ಪಾಲಾಗುತ್ತದೆ. ಸ್ಪಂಜನ್ನು ನಳದ ಕೆಳಗೆ ಹಿಡಿದು ತಿಕ್ಕಬೇಡ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ ಹಾಕು.

• ಪಿಎಚ್ ಇಳಿಸುವ ಹುಚ್ಚು ಹಿಡಿಸಿಕೊಳ್ಳಬೇಡ. ಮುಂಡರಗಿ, ಶಿರಹಟ್ಟಿ ಕಡೆಯ ಬೋರಿನ ನೀರು ಗಡಸು. ಮುಂಡರಗಿ ಕಡೆ ಫ್ಲೋರೈಡ್ ಇರುವುದೂ ಎಲ್ಲರಿಗೂ ಗೊತ್ತಿದ್ದದ್ದೇ, ಊರೂರಿಗೆ ಘಟಕ ಬಂದದ್ದೂ ಅದಕ್ಕೇ. ಇಂಥ ನೀರಿಗೆ ಲಿಂಬೆಹುಳಿ, ಆಸಿಡ್ ಏನೇ ಹಾಕಿದರೂ ಮೊದಮೊದಲು ಪಿಎಚ್ ಜಗ್ಗುವುದಿಲ್ಲ, ಹಾಕುತ್ತ ಹೋದರೆ ಒಮ್ಮೆಲೇ ದಪ್ಪನೆ ಬೀಳುತ್ತದೆ. ಮೀನು ಎತ್ತರದ ಪಿಎಚ್ ಸಹಿಸುತ್ತದೆ, ಹೀಗೆ ಒಮ್ಮೆಲೇ ಬೀಳುವುದನ್ನು ಸಹಿಸುವುದಿಲ್ಲ. ನೀರಿಗೆ ತಕ್ಕ ಮೀನು ತಾ: ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್ ಫಿಶ್. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಅಂಥ ಗಟ್ಟಿ ಪಿಂಡ ಅದು. ಡಬ್ಬಿಯ ಜೊತೆ ಪಿಎಚ್ ಪ್ರೋಬು ಬಂದಿದ್ದರೆ ಅದರ ಟೊಪ್ಪಿಗೆ ತೆಗೆಯದೆ ಹಾಗೇ ಇಡು. ಅದರ ತುದಿ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು, 7 ಮತ್ತು 10ರ ಬಫರ್ ದ್ರಾವಣದಲ್ಲಿ ಆಗಾಗ ತಿದ್ದಬೇಕು, ಅಷ್ಟಾದರೂ ವರ್ಷ ಎರಡು ವರ್ಷಕ್ಕೆ ಮುಗಿಯುತ್ತದೆ.

• ಕರೆಂಟು ಹೋಗುವುದಕ್ಕಿಂತ ಬರುವಾಗ ನೋಡು. ಬಂದ ಕೂಡಲೇ ವೋಲ್ಟೇಜು ಹೊಯ್ದಾಡುತ್ತದೆ, ಆಗ ಎಲ್ಲವೂ ಒಟ್ಟಿಗೇ ಹತ್ತಬಾರದು. ಬೋರಿನ ಆಟೋ ಸ್ಟಾರ್ಟರ್ ಕೂಡ ಸ್ವಲ್ಪ ತಡೆದೇ ಮೋಟರ್ ಎತ್ತುತ್ತದೆ. ನಿನ್ನ ಡಬ್ಬಿಯಲ್ಲೂ ಆ ತಡೆಯುವ ಸೆಟ್ಟಿಂಗ್ ಇದ್ದರೆ ಹೀಟರಿಗೆ ಎರಡು ಮೂರು ನಿಮಿಷ ಕೊಡು. ವೈಫೈ ಪ್ಲಗ್ಗು ಬಳಸುತ್ತಿದ್ದರೆ ಕರೆಂಟು ಬಂದ ಮೇಲೆ ಅದು ಹಚ್ಚಿಕೊಳ್ಳುತ್ತದೋ, ಆರಿಯೇ ಇರುತ್ತದೋ, ಹಿಂದಿನ ಸ್ಥಿತಿಗೆ ಹೋಗುತ್ತದೋ ಎಂದು ಆ್ಯಪಿನಲ್ಲಿ ನೋಡು, ನೋಡಿದ ಮೇಲೆ ಮೇನ್ ಸ್ವಿಚ್ ಇಳಿಸಿ ಏರಿಸಿ ಖಾತ್ರಿ ಮಾಡಿಕೊ. ಮುಳ್ಳು ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟು ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ. ವಾರದಲ್ಲಿ ಲೈಟು ನಡುರಾತ್ರಿ ಹತ್ತತೊಡಗಿದರೆ ದೆವ್ವವಲ್ಲ, ಅದು. ಲೈಟನ್ನು ಡಬ್ಬಿಗೆ ಕೊಡದೆ ಬೇರೆ ಟೈಮರಿಗೆ ಕೊಡುವುದಾದರೆ ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊ. ಲೈಟು ದಿನಕ್ಕೆ ಆರರಿಂದ ಎಂಟು ತಾಸು, ಅದಕ್ಕಿಂತ ಹೆಚ್ಚಾದರೆ ಪಾಚಿ.

• ಇನ್ವರ್ಟರ್ ಇದ್ದರೆ ಅದಕ್ಕೆ ಗಾಳಿ ಪಂಪು, ಫಿಲ್ಟರ್ ಮಾತ್ರ. ಹೀಟರ್ ಕೊಟ್ಟರೆ ಬ್ಯಾಟರಿ ಬರಿದಾಗುತ್ತದೆ, ನಿಮ್ಮವ್ವನ ಧಾರಾವಾಹಿ ಅರ್ಧಕ್ಕೆ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಕರೆಂಟು ಹೋದಾಗ ತಾನೇ ಹತ್ತುವ, ಚಾರ್ಜ್ ಆಗುವ ಗಾಳಿ ಪಂಪು ಸಿಗುತ್ತದೆ, ನೀನು ಈ ಕಂಟ್ರೋಲರಿಗೆ ಕೊಟ್ಟ ದುಡ್ಡಿನಲ್ಲಿ ಅಂಥವು ನಾಲ್ಕು ಬರುತ್ತಿದ್ದವು. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ಆರೇಳು ತಾಸು ನಿಂತಿದ್ದರೆ ಅದರೊಳಗಿನ ನೀರು ಕೆಟ್ಟಿರುತ್ತದೆ, ಅದನ್ನು ಚೆಲ್ಲಿಯೇ ಮತ್ತೆ ಶುರು ಮಾಡು.

• ಮೊಬೈಲಿಗೆ ಅಲಾರ್ಮ್ ಬರುತ್ತದೆಂದು ಹೇಳಿದೆಯಲ್ಲ. ಕರೆಂಟು ಹೋದರೆ ಮನೆಯ ವೈಫೈ ಡಬ್ಬಿಯೂ ಆರುತ್ತದೆ. ಆಗ ಅಲಾರ್ಮ್ ಬರುವುದು ಹೇಗೆ? ಸುದ್ದಿ ಬರಲಿಲ್ಲ ಎಂದರೆ ಎಲ್ಲ ಸರಿ ಇದೆ ಎಂದು ತಿಳಿಯಬೇಡ. ಊರಲ್ಲಿ ಇಲ್ಲದಾಗ ದಿನಕ್ಕೊಮ್ಮೆ ನೀನೇ ಆ್ಯಪು ತೆರೆದು ಕೊನೆಯ ಅಂಕಿ ಯಾವ ಹೊತ್ತಿನದು ಎಂದು ನೋಡು.

• ವೈರು. ಟ್ಯಾಂಕಿನಿಂದ ಬರುವ ಒಂದೊಂದು ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಿ ಸಾಕೆಟ್ಟಿಗೆ ಹೋಗಲಿ. ವೈರಿನ ಗುಂಟ ಇಳಿದ ನೀರು ಆ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪಿನ್ನಿಗೆ ಹೋಗುವುದಿಲ್ಲ. ಕಂಟ್ರೋಲರನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಮಲಗಿಸಬೇಡ, ಪಕ್ಕದ ಗೋಡೆಗೆ ಎತ್ತರಕ್ಕೆ ಹೊಡೆ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೀನಿಗಿಂತ ಮೊದಲು ಅದನ್ನು ಹಾಕಿಸು, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತು. ಹಳೆಯ ಮನೆ, ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಿಲು ಹಾಕಿ ಎಷ್ಟು ವರ್ಷವಾಯಿತೋ. ಬೇಸಿಗೆಯಲ್ಲಿ ಗುಂಡಿಗೆ ಎರಡು ಕೊಡ ನೀರು ಸುರಿ. ಟ್ಯಾಂಕಿಗೆ ಕೈ ಹಾಕುವಾಗ ಎಲ್ಲ ಪಿನ್ನು ಹೊರಗೆ. ಇದರಲ್ಲಿ ಚೌಕಾಸಿ ಇಲ್ಲ.

• ಪಿನ್ನಿಗೊಂದು ಚೀಟಿ ಅಂಟಿಸು: ಫಿಲ್ಟರ್, ಗಾಳಿ, ಹೀಟರ್, ಫ್ಯಾನು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೊಬೈಲ್ ಚಾರ್ಜಿಗೆ ಜಾಗ ಬೇಕೆಂದು ಮನೆಯವರು ಕೀಳುವುದು ಯಾವಾಗಲೂ ಫಿಲ್ಟರಿನ ಪಿನ್ನನ್ನೇ.

• ಆಹಾರ ಹಾಕುವ ಯಂತ್ರವನ್ನು ದಿನನಿತ್ಯಕ್ಕೆ ಹಚ್ಚಬೇಡ. ಮೀನು ತಿನ್ನುವುದನ್ನು ನೀನು ನೋಡುವ ಹೊತ್ತು ಅದೊಂದೇ, ಯಾವುದು ತಿನ್ನುತ್ತಿಲ್ಲ, ಯಾವುದು ಮೂಲೆ ಹಿಡಿದಿದೆ ತಿಳಿಯುವುದು ಆಗಲೇ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟರೆ ಆಗ ಅದು ಬೇಕು. ಹೊರಡುವ ವಾರಕ್ಕೆ ಮೊದಲೇ ಹಚ್ಚಿ, ಬೀಳುವ ಕಾಳನ್ನು ಹಾಳೆಯ ಮೇಲೆ ಹಿಡಿದು ನೋಡು. ಅತಿ ಸಣ್ಣ ಅಳತೆಗೆ ಇಟ್ಟರೂ ಹೆಚ್ಚೇ ಬೀಳುತ್ತದೆ. ಗಾಳಿಕಲ್ಲಿನ ಗುಳ್ಳೆ ಒಡೆಯುವ ಜಾಗದ ಮೇಲೆ ಇಟ್ಟರೆ ತೇವಕ್ಕೆ ಕಾಳು ಉಂಡೆ ಕಟ್ಟಿ ಬಾಯಿ ಮುಚ್ಚುತ್ತದೆ. ನಾಲ್ಕೈದು ದಿನಕ್ಕಾದರೆ ಏನೂ ಬೇಡ, ದೊಡ್ಡ ಮೀನು ಉಪವಾಸ ಇರುತ್ತವೆ. ಪಕ್ಕದ ಮನೆಯ ಹುಡುಗನಿಗೆ ಕಾಳಿನ ಡಬ್ಬಿ ಕೊಟ್ಟು ಹೋಗುವುದಕ್ಕಿಂತ ಉಪವಾಸ ಲೇಸು, ಅವನು ಪ್ರೀತಿಗೆ ಮೂರು ಹೊತ್ತು ಸುರಿಯುತ್ತಾನೆ.

• ತಿಂಗಳಿಗೊಮ್ಮೆ ಡಬ್ಬಿಯ ಪರೀಕ್ಷೆ ಮಾಡು. ಪ್ರೋಬನ್ನು ತಣ್ಣೀರಿನ ಲೋಟದಲ್ಲಿ ಅದ್ದು, ಹೀಟರಿನ ದೀಪ ಹತ್ತಬೇಕು. ಉಗುರುಬೆಚ್ಚಗಿನ ನೀರಲ್ಲಿ ಅದ್ದು, ಆರಬೇಕು, ಫ್ಯಾನು ತಿರುಗಬೇಕು. ಫ್ಲೋಟ್ ಹಾಕಿದ್ದರೆ ಬೆರಳಿಂದ ಎತ್ತಿ ಇಳಿಸಿ ನೋಡು. ಎರಡು ನಿಮಿಷದ ಕೆಲಸ. ತಾರೀಖು ಹಾಕಿ ಕ್ಯಾಲೆಂಡರಿನ ಮೇಲೇ ಗೀಚಿಡು.

• ಪಾಚಿ ತಿನ್ನುತ್ತದೆಂದು ಅಂಗಡಿಯವರು ಬೆರಳುದ್ದದ ಸಕ್ಕರ್ ಮೀನು ಕೊಡುತ್ತಾರೆ, ತರಬೇಡ. ಅದು ಅಡಿಯುದ್ದ ಬೆಳೆಯುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಹಿಡಿಸದೆ ಜನ ಅದನ್ನು ಕೆರೆಗೆ ಬಿಟ್ಟು ಬರುತ್ತಾರೆ, ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಈಗ ಪೀಡೆಯಾಗಿದೆ. ನಿಮ್ಮೂರಿಗೂ ಗದಗಿಗೂ ನಡುವೆ ಇರುವುದು ಮಾಗಡಿ ಕೆರೆ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದಿಳಿಯುವ ಜಾಗ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ. ಸಾಕಿ ಬೇಸರಾದ ಮೀನನ್ನು ಅಂಗಡಿಗೇ ವಾಪಸು ಕೊಡು, ಪುಕ್ಕಟೆಯಾದರೂ ಅಡ್ಡಿಯಿಲ್ಲ.

• ಕಡೆಯದಾಗಿ, ಟ್ಯಾಂಕಿನ ಮಗ್ಗುಲಿಗೆ ಒಂದು ರಟ್ಟು ತೂಗುಹಾಕು, ನೀನು ಇಲ್ಲದಾಗ ನಿಮ್ಮವ್ವ ಓದುವಂತೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳಿ ಪಂಪಿನ ಪಿನ್ನು ನೋಡಿರಿ. ಗಾಜಿನ ಥರ್ಮಾಮೀಟರ್ 30 ದಾಟಿದ್ದರೆ ಹೀಟರ್ ಎಂದು ಬರೆದ ಪಿನ್ನು ಕಿತ್ತುಹಾಕಿರಿ. ನೆಲಕ್ಕೆ ನೀರು ಬಂದಿದ್ದರೆ ಮೊದಲು ಮೇನ್ ಸ್ವಿಚ್ ಇಳಿಸಿರಿ, ಆಮೇಲೆ ಒರೆಸಿರಿ. ಕೆಳಗೆ ನನ್ನ ನಂಬರ್ ಬರೆ. ರಾತ್ರಿ ಹತ್ತರ ಮೇಲೆ ಫೋನು ಬಂದರೂ ಎತ್ತುತ್ತೇನೆ, ಆದರೆ ಡಬ್ಬಿಯ ಮೇಲೆ ಯಾವ ಅಂಕಿ ಇದೆ, ಗಾಜಿನ ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ, ಎರಡನ್ನೂ ನೋಡಿಕೊಂಡೇ ಹಚ್ಚಲು ಹೇಳು.